ಅವರ ಹೆಸರಲ್ಲಿ ಹೋದ ನನ್ನ ಸೈಕಲ್

ನಮ್ಮ ಯಜಮಾನರು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ಕಳೆದ ವರ್ಷ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವರು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲೇ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಡಬ್ಬಿ ಮಾತ್ರ ಬಿಚ್ಚದೆ ಮನೆಗೆ ಬಂತು. ಅದನ್ನು ಯಾರು ತೆರೆದರೋ, ಯಾರು ತೊಳೆದಿಟ್ಟರೋ ನನಗೆ ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನನ್ನನ್ನು ನಡುಮನೆಯ ಗೋಡೆಗೆ ಒರಗಿಸಿ ಚಾಪೆಯ ಮೇಲೆ ಕೂರಿಸಿದರು. ಮಾತಾಡಿಸಲು ಜನ ಬರುತ್ತಾರೆ, ಬಂದಾಗ ಮನೆಯಾಕೆ ಎದುರಿಗಿರಬೇಕು. ಹೊಸಬರು ಬಾಗಿಲು ದಾಟಿದ ಕೂಡಲೇ ಅಳು ಏಳುತ್ತದೆ, ಅವರು ನನ್ನ ಕೊರಳಿಗೆ ಬೀಳುತ್ತಾರೆ, ನಾನೂ ಅಳುತ್ತೇನೆ. ಅವರು ಕಣ್ಣೊರೆಸಿಕೊಂಡು ಚಹಾ ಕುಡಿಯುವ ಹೊತ್ತಿಗೆ ಇನ್ನೊಂದು ಗುಂಪು ಬರುತ್ತದೆ. ಅದೆಲ್ಲ ಅವರ ಅಳುವಿಗೆ ನಾನು ಜೊತೆ ಕೊಟ್ಟದ್ದು. ನನ್ನದೇ ಅಂತ ಒಂದು ಅಳು ಆ ದಿನಗಳಲ್ಲಿ ಬರಲಿಲ್ಲ. ಬಂದದ್ದು ಕಾಲಿನ ಸೆಳೆತ.

ಯಜಮಾನರ ಅಕ್ಕ ಹರಿಹರದಿಂದ ಬಂದು ಮನೆಯನ್ನೆಲ್ಲ ಹೊತ್ತುಕೊಂಡಿದ್ದರು. ಅಡುಗೆ, ಬಂದವರು, ಹೋದವರು, ಎಲ್ಲವೂ ಅವರದೇ. ನನಗೆ ಕೈತುತ್ತು ಹಾಕಿ ಊಟ ಮಾಡಿಸುತ್ತಿದ್ದರು. ತಮ್ಮನನ್ನು ಕಳೆದುಕೊಂಡವರು ಅವರೂ ಹೌದು, ಆದರೆ ಕೂರಲು ಅವರಿಗೆ ಬಿಡುವಿರಲಿಲ್ಲ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

“ಅಕ್ಕಾ, ಕಾಲು ಸೆಳೀತೈತೆ. ಹಿತ್ತಲದಾಗ ನಾಕು ಹೆಜ್ಜೆ ಹಾಕಿ ಬರ್ತೀನಿ.”

“ಈಗ್ಲಾ? ಲೋಕಿಕೆರೆಯೋರು ಟೆಂಪೋದಾಗ ಬರಾಕತ್ತಾರೆ, ನಿನ್ನ ತವರಿನೋರು. ಅವರು ಬಂದಾಗ ನೀನು ಹಿತ್ತಲದಾಗ ತಿರುಗಾಡ್ತಿದ್ರೆ ಏನಂದಾರು? ಕೂಡ್ರವ್ವ, ಸ್ವಲ್ಪ ತಡ್ಕೋ.”

ನಾನು ಕೂತೆ. ಸೆರಗಿನೊಳಗೆ ಬೆರಳುಗಳನ್ನು ಆಡಿಸುತ್ತ, ಪಾದ ತಿರುಗಿಸುತ್ತ ಕೂತೆ. ಕೂರುವುದು ನನಗೆ ಮೊದಲಿನಿಂದಲೂ ಬಾರದ ಕೆಲಸ.

ಹಾಗೆ ಕೂರಿಸಿಯೇ ಒಮ್ಮೆ ನನ್ನ ಕಾಲು ಕೆಟ್ಟಿತ್ತು. ಮಗಳು ಹುಟ್ಟಿದಾಗ ಲೋಕಿಕೆರೆಯಲ್ಲಿ ನಮ್ಮವ್ವ ಬಾಣಂತನ ಮಾಡಿದಳು. ಮಂಚದಿಂದ ಇಳಿಯಬಾರದು, ಗಾಳಿಗೆ ಹೋಗಬಾರದು, ನೀರು ಕುಡಿದರೆ ನಂಜಾಗುತ್ತದೆ. ಮಂಚದ ಕೆಳಗೆ ಕೆಂಡ, ತಲೆಗೆ ಬಟ್ಟೆ. ಎಡಗಾಲು ಊದಿದಾಗಲೂ ನಂಜೇ ಅಂದರು, ಏನೋ ಬೇರು ಅರೆದು ಹಚ್ಚಿದರು. ಕೂಸನ್ನು ನೋಡಲು ಬಂದ ನಮ್ಮ ಯಜಮಾನರು ಕೂಸಿಗಿಂತ ಮೊದಲು ಆ ಕಾಲು ನೋಡಿದರು. “ಇದ್ಯಾಕ ಒಂದು ಕಾಲು ಒನಕೆ ಆಗೈತೆ?” ಅಂದರು. ಅಂದವರೇ ಟೆಂಪೋ ಕರೆತಂದು ದಾವಣಗೆರೆಗೆ ಕರೆದೊಯ್ದರು. ಕಾಲಿನ ಒಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಅಲ್ಲಿಯ ಡಾಕ್ಟರು. ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ, ತಿಕ್ಕಬೇಡಿ, ಒತ್ತಬೇಡಿ ಅಂದರು. ಆಗ ಕಲಿತ ಪಾಠ ಅದು.

ಮಾತ್ರೆ ಮುಗಿದ ಮೇಲೂ ಕಾಲು ಸಂಜೆಗೆ ಭಾರವಾಗುತ್ತಿತ್ತು. ಓಡಾಡಬೇಕು ಅಂದಿದ್ದರು. ಕೂಸನ್ನು ಮಲಗಿಸಿ ಬಂದ ಮೇಲೆ ಕೆ.ಬಿ. ಬಡಾವಣೆಯ ನಮ್ಮ ಓಣಿಯಲ್ಲಿ ಯಜಮಾನರು ತಮ್ಮ ಸೈಕಲ್ ಮೇಲೆ ನನ್ನನ್ನು ಹತ್ತಿಸಿ ಕಲಿಸಿದರು. ಎರಡು ಸಲ ಬಿದ್ದೆ, ಮೂರನೇ ಸಲ ಅವರು ಕೈಬಿಟ್ಟದ್ದು ನನಗೆ ಗೊತ್ತಾಗಲಿಲ್ಲ. ಆಮೇಲೆ ಬಿಡಲಾಗಲಿಲ್ಲ. ಹೊಲಿಗೆಯ ಕೆಲಸ ಮುಗಿದರೆ ಸೈಕಲ್. ಮಗಳು ಶಾಲೆಗೆ ಹೋದರೆ ಸೈಕಲ್. ಐದಾರು ವರ್ಷಗಳ ಹಿಂದೆ, ಊರು ಬಿಟ್ಟು ಹೋಗುತ್ತಿದ್ದ ಯಾರದೋ ಗೇರಿನ ಸೈಕಲ್ ಒಂದನ್ನು ಅವರು ನನಗೆ ತಂದುಕೊಟ್ಟರು. ತೆಳ್ಳನೆಯ ಚಕ್ರ, ಬಗ್ಗಿದ ಹ್ಯಾಂಡಲ್. ನಾನು ಅವರಿಗಿಂತ ಎರಡು ಬೆರಳು ಉದ್ದ. ಸೀಟು ಏರಿಸುತ್ತ, “ಇಷ್ಟು ಉದ್ದ ಬೆಳೆಯೋ ಮುಂಚೆ ನನ್ನ ಒಂದು ಮಾತು ಕೇಳಬಾರದಾಗಿತ್ತಾ?” ಅಂದಿದ್ದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರಕ್ಕೆ ಹೋಗಿ, ಊರೊಳಗೆ ಯಾರ ಮನೆಗೂ ಹೋಗದೆ ಹೊಳೆ ನೋಡಿ ಬರುತ್ತಿದ್ದೆವು. ಅವರು ಅದೇ ಹಳೆಯ ಕಪ್ಪು ಸೈಕಲ್‌ನಲ್ಲಿ, ಕ್ಯಾರಿಯರ್ ಗಡಗಡ ಅನ್ನಿಸುತ್ತ ಹಿಂದೆ ಬರುತ್ತಿದ್ದರು. ಒಮ್ಮೆ ಲಾರಿಯ ಕ್ಲೀನರ್ ಒಬ್ಬ ತಲೆ ಹೊರಗೆ ಹಾಕಿ, “ಅಕ್ಕಾ, ಯಾವ ರೇಸ್‌ಗೆ ಹೊಂಟೀರಿ?” ಅಂತ ಕೂಗಿದ. ಹಿಂದಿನಿಂದ ಇವರು, “ಆಕೆ ಹೊಂಟಿಲ್ಲಪ್ಪ, ನನ್ನನ್ನ ಓಡಿಸಾಕತ್ತಾಳೆ!” ಅಂದರು.

ಚಾಪೆಯ ಮೇಲೆ ಕೂತು ಅದನ್ನೆಲ್ಲ ನೆನೆಸಿಕೊಳ್ಳುತ್ತಿದ್ದೆ ಅಂದುಕೊಳ್ಳಬೇಡಿ. ಯಾವುದೂ ನೆನಪಾಗುತ್ತಿರಲಿಲ್ಲ. ಎದ್ದು ಹೊರಗೆ ಹೋಗಬೇಕು, ಅಷ್ಟೇ ಇತ್ತು ತಲೆಯಲ್ಲಿ. ಒಂದು ಸಂಜೆ ಸೀರೆ ಸರಿಪಡಿಸಿಕೊಳ್ಳುವಾಗ ಕೈ ಎಡ ಮೀನಖಂಡಕ್ಕೆ ತಾಗಿತು. ಬಿಸಿಯಾಗಿತ್ತು, ಬಿಗಿಯಾಗಿತ್ತು. ಬಲಗಾಲನ್ನೂ ಮುಟ್ಟಿ ನೋಡಿದೆ. ಅದು ಮೆತ್ತಗೆ, ತಣ್ಣಗೆ ಇತ್ತು.

ಅಕ್ಕ ನೋಡಿದರು. “ಕೂತು ಕೂತು ಬಾವು ಬಂದೈತೆ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ರೆ ಇಳೀತೈತೆ ತಗೋ” ಎಂದು ಒಳಗೆ ಹೋಗಿ ಎಣ್ಣೆ ಕಾಯಿಸಿ ತಂದೇಬಿಟ್ಟರು. ಪಕ್ಕದಲ್ಲಿ ಕೂತು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

“ತಿಕ್ಕಬ್ಯಾಡ್ರಿ!”

ಅಷ್ಟು ಜೋರಾಗಿ ಕಿರುಚಿದೆನೆಂದು ನನಗೇ ಆಮೇಲೆ ತಿಳಿದದ್ದು. ಕಾಲು ಕಸಿದುಕೊಂಡೆ. ಎಣ್ಣೆಯ ಬಟ್ಟಲು ಚಾಪೆಯ ಮೇಲೆ ಉರುಳಿತು. ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಯಾರೋ ಮೆಲ್ಲಗೆ, “ಪಾಪ, ತಲಿ ಕೆಟ್ಟೈತೆ” ಅಂದರು. ಅಕ್ಕ ಎಣ್ಣೆಯನ್ನು ಸೆರಗಿನಿಂದಲೇ ಒರೆಸತೊಡಗಿದರು. ಮಗಳು ಅಡುಗೆಮನೆಯಿಂದ ಓಡಿ ಬಂದಳು. ಅವಳು ಕೇಳುವ ಮೊದಲೇ ಹೇಳಿದೆ: “ನೀನು ಹುಟ್ಟಿದಾಗ ಆಗಿತ್ತಲ್ಲ, ಅದೇ. ಸ್ಕೂಟರ್ ತೆಗಿ.”

ಸತ್ತ ಮನೆಯ ಹೆಣ್ಣು ಕಾರ್ಯಕ್ಕೆ ಮುಂಚೆ ಹಿತ್ತಿಲ ಬಾಗಿಲಿನಿಂದ ಸ್ಕೂಟರ್ ಹತ್ತಿ ಹೋದದ್ದನ್ನು ಓಣಿಯವರೆಲ್ಲ ನೋಡಿದರು.

ಆಸ್ಪತ್ರೆಯಲ್ಲಿ ಕಾಲಿಗೆ ತಣ್ಣನೆಯ ಜೆಲ್ಲಿ ಹಚ್ಚಿ ಸ್ಕ್ಯಾನ್ ಮಾಡಿದರು. ಮೊಣಕಾಲಿನಿಂದ ತೊಡೆಯವರೆಗೂ ಹೆಪ್ಪಿತ್ತು. ಒಂದಿಷ್ಟು ಶ್ವಾಸಕೋಶಕ್ಕೂ ಹೋಗಿರಬಹುದು ಎಂದು ಐಸಿಯುನಲ್ಲಿ ಇಟ್ಟರು. ಹೊಟ್ಟೆಗೆ ಸೂಜಿ ಚುಚ್ಚುವರು, ಚುಚ್ಚಿದಲ್ಲೆಲ್ಲ ನೀಲಿ. ನಾನು ಅಲ್ಲಿ ಮಲಗಿದ್ದಾಗಲೇ ಮನೆಯಲ್ಲಿ ಶಿವಗಣಾರಾಧನೆ ಆಯಿತು. ನನ್ನ ಗಂಡನ ಕಾರ್ಯಕ್ಕೆ ನಾನಿರಲಿಲ್ಲ.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಮನೆಗೆ ಕಳಿಸುವ ದಿನ ಹೇಳಿದರು: “ಎರಡನೇ ಸಲ ಆಗಿರೋದ್ರಿಂದ ಮಾತ್ರೆ ಇನ್ನು ಜೀವನಪೂರ್ತಿ. ರಕ್ತ ತೆಳು ಇರುತ್ತೆ, ಗಾಯ ಆದ್ರೆ ಬೇಗ ನಿಲ್ಲಲ್ಲ. ಆಗಾಗ ಪರೀಕ್ಷೆ ಮಾಡಿಸ್ಬೇಕು. ಬಿಗಿ ಕಾಲುಚೀಲ ಹಾಕಿ. ಒಂದೇ ಕಡೆ ಕೂರಬೇಡಿ.”

“ಸೈಕಲ್?”

ಅವರು ಮಗಳ ಮುಖ ನೋಡಿದರು. “ಮೊದಲು ನಡೀರಿ. ಎರಡು ಮೂರು ತಿಂಗಳು ಆಗಲಿ, ನೋಡೋಣ. ಸೈಕಲ್‌ನಿಂದ ತೊಂದರೆ ಇಲ್ಲ, ಬೀಳೋದ್ರಿಂದ ತೊಂದರೆ. ಬೀಳಬೇಡಿ.”

“ಬೀಳ್ಬೇಕು ಅಂತ ಯಾರು ಹತ್ತುತಾರೆ ಮೇಡಂ?” ಅಂದೆ. ಅವರು ನಕ್ಕರು. ಮಗಳು ನಗಲಿಲ್ಲ.

ಮನೆಗೆ ಬಂದಾಗ ಸಂದಿಯಲ್ಲಿ ಯಜಮಾನರ ಕಪ್ಪು ಸೈಕಲ್ ಗೋಡೆಗೆ ಒರಗಿತ್ತು. ನನ್ನದು ಇರಲಿಲ್ಲ.

ನಮ್ಮ ಮನೆತನದಲ್ಲಿ ತೀರಿಕೊಂಡವರು ಬಳಸಿದ ಒಂದು ವಸ್ತುವನ್ನು ಕಾರ್ಯದ ದಿನ ಅವರ ವಾರಿಗೆಯ ಗೆಳೆಯರಿಗೆ ಕೊಡುತ್ತಾರೆ. ಅದನ್ನು ಅವರು ಬಳಸಬೇಕು, ಬಳಸಿದರೆ ಹೋದವರಿಗೆ ಸಮಾಧಾನ. ನಮ್ಮ ಮಾವನವರ ಕೋಲು, ಕಂಬಳಿ ಹಾಗೇ ಹೋಗಿದ್ದವು. ಸೈಕಲ್ ಹುಚ್ಚಿನವನಿಗೆ ಸೈಕಲ್ಲೇ ಸರಿ ಎಂದು ಅಕ್ಕ ತೀರ್ಮಾನಿಸಿದ್ದರು. ಸಂದಿಯಲ್ಲಿ ಎರಡು ಸೈಕಲ್ ಇದ್ದವು. ಒಂದು ಹಳೆಯದು, ಸೀಟು ಕೆಳಗಿನದು, ಮುಂದೆ ಬುಟ್ಟಿ ಕಟ್ಟಿದ್ದು. ಇನ್ನೊಂದು ಗೇರಿನದು, ಸೀಟು ಎತ್ತರದ್ದು. ಗಂಡಸಿನದು ಯಾವುದೆಂದು ಯಾರೂ ಕೇಳಲಿಲ್ಲ. ಗೇರಿನದಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ, ಹರಿಹರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಇವರ ಬಾಲ್ಯದ ಗೆಳೆಯರ ಕೈಗೆ ಕೊಟ್ಟರು.

ಅಕ್ಕನಿಗೆ ಫೋನ್ ಮಾಡಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ. “ಅಷ್ಟು ಎತ್ತರದ ಸೈಕಲ್ ನಿಂದಾ?” ಅಂದರು. ಆಮೇಲೆ, “ಆದ್ರೂ ಕೊಟ್ಟಿದ್ದು ಅವನ ಹೆಸರಾಗೆ. ವಾಪಸ್ ಕೇಳಿದ್ರೆ ಅವನ ಬಾಯಿಂದ ತುತ್ತು ಕಸ್ಕಂಡಂಗೆ ಆಗ್ತದೆ ತಂಗಿ. ನಿನಗೂ ಇನ್ನ ಸೈಕಲ್ ಯಾಕ? ಕಾಲು ಒಂದು ಉಳಿದ್ರೆ ಸಾಕು” ಅಂದರು.

ಮಗಳ ಕಡೆ ತಿರುಗಿದೆ. “ನೀನು ಅಲ್ಲೇ ಇದ್ದೆಲ್ಲ. ನಿನಗೆ ಗೊತ್ತಾಗಲಿಲ್ಲಾ?”

“ಗೊತ್ತಿತ್ತು.”

“ಮತ್ತೆ?”

“ಸುಮ್ನೆ ಇದ್ದೆ.” ಅವಳು ನನ್ನ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. “ಅಪ್ಪ ಹೋಗಿದ್ದ. ನೀನು ಐಸಿಯುದಾಗ ಇದ್ದಿ. ಆ ಸೈಕಲ್ ಮನೇಲಿ ಇದ್ರೆ ನೀನು ಬಂದು ಹತ್ತೇ ಹತ್ತುತೀಯ ಅಂತ ಗೊತ್ತಿತ್ತು. ದೊಡ್ಡತ್ತೆ ಅದಕ್ಕೆ ಹೂವು ಏರಿಸಿದ್ಲು. ಏರಿಸ್ಲಿ ಅಂತ ಬಿಟ್ಟೆ.”

ಅವಳಿಗೆ ಬಯ್ಯಲು ನನ್ನಿಂದಾಗಲಿಲ್ಲ. ಬಿಟ್ಟುಬಿಡಲೂ ಆಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ನಡೆದೆ. ನಮ್ಮ ಓಣಿ, ಪಕ್ಕದ ಓಣಿ, ಅದರಾಚೆಯ ಓಣಿ. ನಡಿಗೆ ಮುಗಿಸಿ ಬಂದು ತಾರಸಿಯ ಮೇಲೆ ಆ ತುದಿಯಿಂದ ಈ ತುದಿಗೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಒಂದು ಜಾಕೀಟಿನ ತೋಳು ಮುಗಿಯುವಷ್ಟರಲ್ಲಿ ಎದ್ದಿರುತ್ತಿದ್ದೆ. ಕಾಲಲ್ಲಿ ಏನಾದರೂ ಚುಳ್ ಅಂದರೆ ಸಾಕು, ಕಾಲುಚೀಲ ಸರಿಸಿ ಎರಡೂ ಕಾಲು ಹೋಲಿಸಿ ನೋಡುವುದು. ಮೆಟ್ಟಿಲು ಹತ್ತಿ ಉಸಿರು ಹೆಚ್ಚಾದರೆ, ಇದು ಮೆಟ್ಟಿಲಿನ ಉಸಿರೋ ಹೆಪ್ಪಿನ ಉಸಿರೋ ಎಂದು ನಿಂತು ಕೇಳಿಸಿಕೊಳ್ಳುವುದು. ಮೂಗು ಸೀನಿ ರಕ್ತದ ಎಳೆ ಕಂಡರೆ ಅದಕ್ಕೂ ಭಯ. ಹೆಪ್ಪಾದರೂ ಭಯ, ಆಗದಿದ್ದರೂ ಭಯ. ಪಕ್ಕದ ಮನೆಯವರು ಪ್ರೀತಿಯಿಂದ ಮೆಂತ್ಯ ಸೊಪ್ಪು ತಂದರೆ, ಇವತ್ತು ಸೊಪ್ಪು ಜಾಸ್ತಿಯಾದೀತೆಂದು ಅಳತೆ ನೋಡಬೇಕು, ಯಾಕೆಂದರೆ ಆ ಮಾತ್ರೆಗೂ ಸೊಪ್ಪಿಗೂ ಆಗಿಬರುವುದಿಲ್ಲ.

ನಡಿಗೆ ಸಾಲುತ್ತಿರಲಿಲ್ಲ. ನಡೆದರೆ ಮನೆಯ ಸುತ್ತಲೇ ಇರುತ್ತೇವೆ. ಆ ದಾರಿಗೆ, ಹೊಳೆಯ ತನಕದ ಆ ದಾರಿಗೆ ಹೋಗಬೇಕಿತ್ತು. ಬಸ್ಸಿನಲ್ಲಿ ಒಮ್ಮೆ ಹೋಗಿ ಬಂದೆ. ಕಿಟಕಿಯಲ್ಲಿ ಎಲ್ಲ ಸರ್ರನೆ ಹೋಯಿತು, ಯಾವುದೂ ನಮ್ಮದು ಅನಿಸಲಿಲ್ಲ. ಡಾಕ್ಟರಮ್ಮ, “ಸಣ್ಣಗೆ ಶುರು ಮಾಡಿ, ಹೆಲ್ಮೆಟ್ ಬಿಡಬೇಡಿ” ಅಂದ ದಿನವೇ ಯಜಮಾನರ ಕಪ್ಪು ಸೈಕಲ್ ಹೊರಗೆ ತೆಗೆದೆ. ಸೀಟು ಕೆಳಗಿತ್ತು, ಮೊಣಕಾಲು ಎದೆಗೆ ಬರುವಂತಾಗಿ ಮೀನಖಂಡ ಹಿಡಿದುಕೊಂಡಿತು. ಪಾನಾ ತಂದು ಸೀಟಿನ ನಟ್ಟಿಗೆ ಸಿಕ್ಕಿಸಿದೆ. ಆದರೆ ತಿರುಗಿಸಲಿಲ್ಲ. ಆ ಎತ್ತರ ಅವರದು. ಅದನ್ನು ಏರಿಸಿದರೆ ಅವರ ಅಳತೆ ಎಲ್ಲಿಯೂ ಉಳಿಯುವುದಿಲ್ಲ ಅನಿಸಿತು. ಹಾಗೆಯೇ ಓಣಿಯಲ್ಲಿ ಎರಡು ಸುತ್ತು ಹಾಕಿ ತಂದು ನಿಲ್ಲಿಸಿದೆ.

ನನಗೆ ಹೊಂದದ ಸೈಕಲ್ ನನ್ನ ಮನೆಯಲ್ಲಿ, ಅವರದಲ್ಲದ ಸೈಕಲ್ ಅವರ ಹೆಸರಿನಲ್ಲಿ ಗೆಳೆಯರ ಮನೆಯಲ್ಲಿ. ಎಷ್ಟೋ ದಿನ ತಾರಸಿಯ ಮೇಲೆ ಓಡಾಡುತ್ತ ಇದನ್ನೇ ಯೋಚಿಸಿದೆ. ಕಪ್ಪು ಸೈಕಲ್ ಕೊಟ್ಟು ನನ್ನದನ್ನು ತರಬಹುದು. ಆದರೆ ಅದು ಹೋದರೆ ಅವರು ಮುಟ್ಟಿ ಸವೆಸಿದ್ದು ಮನೆಯಲ್ಲಿ ಇನ್ನೇನಿದೆ?

“ನಿನ್ನ ಚಪ್ಪಲಿ ಸದ್ದು ಕೇಳಿ ಕೇಳಿ ನನಗೆ ಹುಚ್ಚು ಹಿಡೀತದೆ ಅಮ್ಮಾ” ಅಂದಳು ಮಗಳು ಒಂದು ಸಂಜೆ.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಹೆಲ್ಮೆಟ್ ಹಾಕಿಕೊಂಡು, ಕಪ್ಪು ಸೈಕಲ್ ಹತ್ತಿ ಹರಿಹರಕ್ಕೆ ಹೊರಟೆ.

ಭಾರದ ಸೈಕಲ್. ತುಳಿದಷ್ಟೂ ಹಿಂದಕ್ಕೆ ಎಳೆಯುತ್ತಿತ್ತು. ಇದನ್ನು ತುಳಿದುಕೊಂಡು ಅವರು ಅಷ್ಟು ವರ್ಷ ನನ್ನ ಹಿಂದೆ ಹೇಗೆ ಬಂದರೋ, ಬಂದು ಅದರ ಮೇಲೆ ಮಾತೂ ಆಡುತ್ತಿದ್ದರಲ್ಲ ಎಂದು ಮೊದಲ ಸಲ ಅನಿಸಿತು. ಏರು ಬಂದಲ್ಲಿ ಇಳಿದು ತಳ್ಳಿದೆ. ಲಾರಿಗಳು ಹಾದಾಗಲೆಲ್ಲ ಮಣ್ಣಿಗೆ ಇಳಿದೆ. ದೊಡ್ಡಬಾತಿಯ ಹತ್ತಿರ ಹಿಂದಿನಿಂದ ಹಾರ್ನ್ ಕೇಳಿಸಿತು. ಒಂದಲ್ಲ, ಬಿಡದೆ. ಮಗಳು ಸ್ಕೂಟರ್ ಅಡ್ಡ ತಂದು ನಿಲ್ಲಿಸಿದಳು. ತಲೆಯ ನೀರು ಇನ್ನೂ ಭುಜಕ್ಕೆ ಇಳಿಯುತ್ತಿತ್ತು.

“ಸಾಯಬೇಕು ಅಂತ ಮಾಡೀಯೇನು?”

“ಇಲ್ಲ.”

“ಮತ್ತೆ ಫೋನ್ ಯಾಕ ಮನೇಲಿಟ್ಟು ಬಂದಿ?”

“ಮರೆತೆ. ಖರೇನೂ ಮರೆತೆ.”

ಚಹಾ ಅಂಗಡಿಯ ಬೆಂಚಿನ ಮೇಲಿದ್ದವರು ಗ್ಲಾಸು ಹಿಡಿದುಕೊಂಡೇ ನಮ್ಮನ್ನು ನೋಡುತ್ತಿದ್ದರು. ಮಗಳಿಗೆ ಅದರ ಪರಿವೆಯಿರಲಿಲ್ಲ. “ಅಪ್ಪನ್ನ ಆಸ್ಪತ್ರೇಲಿ ನಾನೇ ಮೊದಲು ನೋಡಿದ್ದು. ನಿನ್ನ ಹಿಂದೆ ಬರ್ತಾ ಪ್ರತಿ ತಿರುವಿನಾಗೂ ನೀನು ಬಿದ್ದಿರ್ತೀಯ ಅಂತಾನೇ ನೋಡ್ಕಂತ ಬಂದೆ” ಅಂದಳು. ಅಂದು, ರಸ್ತೆಯ ಬದಿಯಲ್ಲೇ ಅತ್ತಳು.

ಅವಳ ತಲೆಯನ್ನು ನನ್ನ ದುಪಟ್ಟಾದಿಂದ ಒರೆಸಿದೆ. “ಮನೇಲಿ ಕೂತ್ರೆ ನಾನು ಉಳೀತೀನಿ ಅಂತ ನಿನಗೆ ಅನ್ನಿಸ್ತದೆ. ಎರಡು ಸಲಾನೂ ನಾನು ಕೂತಾಗಲೇ ಆಗಿದ್ದು” ಅಂದೆ. ಜಗಳಕ್ಕೆ ಹೇಳಿದ್ದಲ್ಲ. ಇದ್ದದ್ದೇ ಅಷ್ಟು.

ಅವಳು ಮೂಗು ಎಳೆದುಕೊಂಡಳು. “ಚಹಾ ಕುಡಿ, ನಡಿ. ನಾನು ಹಿಂದೆ ಬರ್ತೀನಿ” ಅಂದಳು.

ಹರಿಹರದ ಗಿರಣಿಯಲ್ಲಿ ಅವರ ಗೆಳೆಯರು ಜೋಳ ಹಾಕುತ್ತಿದ್ದರು. ಹುಬ್ಬು, ಮೀಸೆ ಎಲ್ಲ ಹಿಟ್ಟು. ನನ್ನನ್ನು ಕಂಡು ಯಂತ್ರ ನಿಲ್ಲಿಸಿದರು. ನಾನು ಸುತ್ತಿಬಳಸದೆ ಹೇಳಿದೆ: “ಅಣ್ಣಾ, ಕಾರ್ಯದ ದಿನ ತಪ್ಪಾಗೈತೆ. ಗೇರಿನದು ನಂದು. ಇದು ಅವರದು.”

ಅವರು ಕಪ್ಪು ಸೈಕಲ್ ನೋಡಿದರು, ನನ್ನನ್ನು ನೋಡಿದರು, ಜೋರಾಗಿ ನಕ್ಕುಬಿಟ್ಟರು. “ಅಲ್ಲ ತಂಗಿ, ನಾನೂ ಅದನ್ನೇ ಅಂದ್ಕಂಡೆ! ಇವನು ಯಾವಾಗ ಇಷ್ಟು ಶೋಕಿ ಕಲಿತ ಅಂತ. ಬಳಸ್ಬೇಕು ಅಂತ ಹತ್ತಿದೆ, ನೆಲಕ್ಕೆ ಕಾಲೇ ಮುಟ್ಟವಲ್ದು. ಎರಡು ಸಲ ಗಿರಣಿ ಮುಂದೇನೇ ಬಿದ್ದೀನಿ. ಅಕ್ಕನ ಮುಂದೆ ಹೇಳಂಗಿಲ್ಲ, ಬಿಡಂಗೂ ಇಲ್ಲ.” ನಗುತ್ತಲೇ ಇದ್ದವರು ಕೈಯ ಹಿಟ್ಟು ಒರೆಸಿಕೊಂಡು ಕಪ್ಪು ಸೈಕಲ್‌ನ ಹ್ಯಾಂಡಲ್ ಹಿಡಿದರು.

ನಾನು ಇನ್ನೂ ಹಿಡಿದೇ ಇದ್ದೆ. ಬಿಡಬೇಕೆಂದು ಗೊತ್ತು. ಕೈ ಕೇಳಲಿಲ್ಲ. ಅವರು ಎಳೆಯಲಿಲ್ಲ, ನಿಂತೇ ಇದ್ದರು. ಗಿರಾಕಿಯೊಬ್ಬಳು, “ಅಣ್ಣಾ, ನಂದು ಹಿಟ್ಟು?” ಅಂದಾಗ ನನ್ನ ಬೆರಳು ಸಡಿಲವಾದವು.

“ಒಂದು ಸುತ್ತು ಹೊಡೀಲೇನು?” ಅಂದರು. ತಲೆಯಾಡಿಸಿದೆ. ಅವರು ಹತ್ತಿದರು. ಸೀಟು ಸರಿಯಾಗಿ ಅವರ ಅಳತೆಗಿತ್ತು. ಬೀದಿಯ ತುದಿಯವರೆಗೆ ಹೋದರು, ಕ್ಯಾರಿಯರ್ ಗಡಗಡ ಅನ್ನುತ್ತ. ಹಿಂದಿನಿಂದ ನೋಡಿದರೆ ಅದೇ ಸೈಕಲ್, ಅದೇ ಎತ್ತರದ ಮನುಷ್ಯ, ಬಿಳಿಯ ಅಂಗಿ. ಅಷ್ಟು ವರ್ಷ ಯಜಮಾನರು ನನ್ನ ಹಿಂದೆಯೇ ಇದ್ದವರು, ಅವರ ಬೆನ್ನನ್ನು ನಾನು ಯಾವತ್ತೂ ಹೀಗೆ ನೋಡಿರಲಿಲ್ಲ. ಗಿರಣಿಯ ಕಟ್ಟೆಯ ಮೇಲೆ ಕೂತು ಅತ್ತೆ. ಯಾರ ಜೊತೆಗೂ ಅಲ್ಲ. ಮಗಳು ಪಕ್ಕದಲ್ಲಿ ನಿಂತಿದ್ದಳು, ಎಬ್ಬಿಸಲಿಲ್ಲ. ಗೆಳೆಯರು ತಿರುಗಿ ಬಂದದ್ದು ತಡವಾಗಿ. ಬೇಕೆಂದೇ ಇನ್ನೊಂದು ಬೀದಿ ಸುತ್ತಿ ಬಂದಿರಬೇಕು.

ನನ್ನ ಸೈಕಲ್ ಒಳಗೆ ಮೂಟೆಗಳ ಹಿಂದಿತ್ತು. ಚಕ್ರಕ್ಕೆ ಗಾಳಿ ಹಾಕಿಸಿಕೊಂಡು, ಹೊಳೆಯವರೆಗೆ ಹೋಗಿ, ನಿಲ್ಲದೆ ತಿರುಗಿ ದಾವಣಗೆರೆಯ ದಾರಿ ಹಿಡಿದೆ. ಮಗಳು ಹಿಂದೆ ಸ್ಕೂಟರಿನ ಇಂಡಿಕೇಟರ್ ಮಿಟುಕಿಸುತ್ತ, ಲಾರಿಯವರಿಗೆಲ್ಲ ಕೈ ಅಡ್ಡ ಹಿಡಿಯುತ್ತ ಬಂದಳು. “ಎಡಕ್ಕೆ ಹೋಗು! ಎಡಕ್ಕೆ!” ಎಂದು ಕೂಗುತ್ತಿದ್ದಳು. ನಾನು ಎಡದಲ್ಲೇ ಇದ್ದೆ. ಹಗುರಾಗಿತ್ತು ಸೈಕಲ್, ಆದರೆ ಮನಸ್ಸು ಹಗುರಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಿವಿ ಹಿಂದಿನ ಗಡಗಡಕ್ಕೆ ಕಾಯುತ್ತಿತ್ತು. ಅದರ ಬದಲು ಸ್ಕೂಟರಿನ ಗುರ್ ಇತ್ತು.

ಅರ್ಧ ದಾರಿ ದಾಟಿದ ಮೇಲೆ ಎಡಗಾಲು ಭಾರವಾಯಿತು. ಹುಣಸೆಮರವೊಂದರ ಕೆಳಗೆ ನಿಲ್ಲಿಸಿ ನೀರು ಕುಡಿದೆ. ಮಗಳು ಸ್ಕೂಟರ್ ನಿಲ್ಲಿಸಿ ಓಡಿ ಬಂದಳು.

“ಊದೈತಾ?”

“ಇಲ್ಲ ಅನ್ಸ್ತದೆ. ಬರೀ ದಣಿವು.”

“ಅನ್ಸ್ತದೆ ಅಂದ್ರೆ?”

“ನೀನೇ ನೋಡು.”

ಅವಳು ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎಡಗಾಲಿನ ಬಿಗಿ ಚೀಲವನ್ನು ಪಾದದವರೆಗೆ ಇಳಿಸಿದಳು, ಆಮೇಲೆ ಬಲಗಾಲಿನದನ್ನು. ಎರಡೂ ಅಂಗೈಗಳನ್ನು ಎರಡೂ ಮೀನಖಂಡಗಳ ಸುತ್ತ ಇಟ್ಟಳು. ಒತ್ತಲಿಲ್ಲ, ತಿಕ್ಕಲಿಲ್ಲ. ಬಿಸಿಯಿದೆಯೇ, ಬಿಗಿಯಿದೆಯೇ, ಒಂದು ಇನ್ನೊಂದಕ್ಕಿಂತ ದಪ್ಪವೇ ಎಂದು ಕಣ್ಣು ಮುಚ್ಚಿಕೊಂಡು ನೋಡಿದಳು. ಒಂದು ಬಸ್ಸು ಹಾದುಹೋಯಿತು. ನಾನು ಸೈಕಲ್ ಹಿಡಿದುಕೊಂಡು ನಿಂತಿದ್ದೆ. ಅವಳು ಏನು ಹೇಳುತ್ತಾಳೋ ಅದನ್ನು ಕೇಳುವುದೆಂದು ಆಗ ತೀರ್ಮಾನಿಸಿದ್ದೆ. ಬೇಡ ಅಂದರೆ ಇಲ್ಲಿಂದಲೇ ಲಗೇಜ್ ಆಟೋ.

ಚೀಲಗಳನ್ನು ಒಂದೊಂದಾಗಿ ಮೇಲೆಳೆದು, ಸುಕ್ಕು ಬಿಡಿಸಿ, ಅವಳು ಎದ್ದು ಕೈ ಕೊಡವಿದಳು.

“ಎರಡೂ ಒಂದೇ ಅದಾವೆ. ಹತ್ತು.”